ಯುದ್ಧೇತಿಹಾಸದಲ್ಲಿ ಸ್ತ್ರೀಗೂಢಚಾರರು: ಒಂದು ವಿಮರ್ಶೆ

ನಮ್ಮ ಸುಲ್ತಾನ್ ಬಜಾರಿಗೆ ಹಿಂದೆ ರೆಸಿಡೆನ್ಸಿ ಬಜಾರ್ ಎಂಬ ಹೆಸರಿತ್ತು. ನಿಜಾಮರ ಆಸ್ಥಾನದ ಗುಟ್ಟುಗಳನ್ನು ಕಲೆಹಾಕಿ ಕಲ್ಕತ್ತೆಗೆ ಬರೆದು ಕಳುಹಿಸುತ್ತಿದ್ದ ಇಂಗ್ಲಿಷ್ ರೆಸಿಡೆಂಟನ ಸೌಧವೇ ಮುಂದೆ ಹೆಣ್ಣುಮಕ್ಕಳ ಕಾಲೇಜಾಯಿತು. ದಿನವೂ ಅದನ್ನು ಹಾಯ್ದು ಬ್ಯಾಂಕಿಗೆ ಹೋಗುವ ನನಗೆ ಒಂದು ಪ್ರಶ್ನೆ ಬಹುಕಾಲದಿಂದ ಕಾಡುತ್ತಿದೆ: ಯುದ್ಧದ ಚರಿತ್ರೆಯಲ್ಲಿ ಸುದ್ದಿ ತಂದ ಹೆಂಗಸರಿಗೆ ನಾವು ಕೊಟ್ಟಿರುವ ಸ್ಥಾನವೇನು?

ಶಾಸ್ತ್ರಕಾರನಿಗೆ ಈ ವಿಷಯದಲ್ಲಿ ಸಂಕೋಚವಿರಲಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಮೊದಲ ಅಧಿಕರಣದಲ್ಲಿಯೇ ಪರಿವ್ರಾಜಿಕೆಯನ್ನು ಗೂಢಚಾರರ ಸಾಲಿನಲ್ಲಿ ನಿಲ್ಲಿಸುತ್ತದೆ. ಅವಳು ಬಡವಿ, ವಿಧವೆ, ಪ್ರಗಲ್ಭೆ. ಅಂತಃಪುರದಲ್ಲಿ ಮನ್ನಣೆ ಪಡೆದು ಮಹಾಮಾತ್ರರ ಮನೆಗಳಿಗೆ ಹೋಗಿಬರತಕ್ಕವಳು. ಅವಳಲ್ಲಿ ಅಪೇಕ್ಷಿಸಿದ್ದು ರೂಪವನ್ನಲ್ಲ, ಬುದ್ಧಿಯನ್ನು. ಆದರೆ ಆ ಗ್ರಂಥದ ‘ಗೂಢಪುರುಷ’ ಎಂಬ ಪದದೊಳಗೆ ಅವಳೂ ಗೂಢವಾಗಿಯೇ ಉಳಿದಳು.

ಸಾಹಿತ್ಯದಲ್ಲಿ ಆದದ್ದು ಇನ್ನೂ ವಿಚಿತ್ರ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಹಾವಾಡಿಗ, ಕ್ಷಪಣಕ, ಯಮಪಟ ತೋರಿಸುವವ ಮೊದಲಾದ ಎಲ್ಲ ವೇಷಗಳೂ ಗಂಡಸರವು. ಹೆಣ್ಣಿನ ಪಾಲಿಗೆ ಬಂದದ್ದು ಎರಡು. ಒಬ್ಬಳು ವಿಷಕನ್ಯೆ, ಚಂದ್ರಗುಪ್ತನಿಗಾಗಿ ರಾಕ್ಷಸನು ಹೂಡಿದ ಅವಳನ್ನು ಚಾಣಕ್ಯನು ಪರ್ವತಕನತ್ತ ತಿರುಗಿಸುತ್ತಾನೆ. ಅವಳು ಅಸ್ತ್ರವೇ ಹೊರತು ವ್ಯಕ್ತಿಯಲ್ಲ. ಇನ್ನೊಬ್ಬಳು ರಾಕ್ಷಸನ ಮಡದಿ. ಹೊರಗೆ ಓಡಿದ ಮಗುವನ್ನು ಒಳಗೆಳೆದುಕೊಳ್ಳುವಾಗ ಅವಳ ಬೆರಳಿನಿಂದ ಉಂಗುರ ಜಾರಿ ಶತ್ರುವಿನ ಚಾರನ ಕಾಲ ಬಳಿ ಬೀಳುತ್ತದೆ. ಇಡೀ ನಾಟಕ ಆ ಉಂಗುರದ ಮೇಲೆ ನಿಂತಿದೆ. ಎಂದರೆ ಹೆಣ್ಣು ರಾಜಕಾರಣಕ್ಕೆ ಬರುವುದು ವಿಷವಾಗಿ, ಇಲ್ಲವೇ ಎಚ್ಚರಗೇಡಿಯಾಗಿ. ಗುಟ್ಟನ್ನು ಅರಿತು, ತೂಗಿ, ತಲುಪಿಸುವವಳಾಗಿ ಅಲ್ಲ. ಇದೇ ಕಥೆಯನ್ನು ಕೆಂಪುನಾರಾಯಣನು ೧೮೨೩ರಲ್ಲಿ ‘ಮುದ್ರಾಮಂಜೂಷ’ವೆಂದು ಕನ್ನಡ ಗದ್ಯಕ್ಕೆ ತಂದನು.

ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಅದಕ್ಕೆ ಹದಿಮೂರು ವರ್ಷಗಳ ಹಿಂದೆ, ೧೮೧೦ರಲ್ಲಿ, ತೀರಿಕೊಂಡ ರಾಣಿ ಲಕ್ಷ್ಮಮ್ಮಣ್ಣಿಯವರ ಬಾಳು ಯಾವ ಮುದ್ರಾನಾಟಕಕ್ಕೂ ಕಡಿಮೆಯಾದುದಲ್ಲ. ೧೭೬೬ರಲ್ಲಿ ಪತಿ ಇಮ್ಮಡಿ ಕೃಷ್ಣರಾಜರನ್ನು ಕಳೆದುಕೊಂಡ ಆಕೆ ಶ್ರೀರಂಗಪಟ್ಟಣದಲ್ಲಿ ಹೈದರನ, ಆಮೇಲೆ ಟಿಪ್ಪುವಿನ ಕಾವಲಿನಲ್ಲಿದ್ದುಕೊಂಡೇ ಇಂಗ್ಲಿಷರೊಡನೆ ಗುಪ್ತ ವ್ಯವಹಾರ ನಡೆಸಿದರು. ೧೭೮೨ರ ಅಕ್ಟೋಬರಿನಲ್ಲಿ, ಯುದ್ಧದ ನಡುವೆಯೇ, ಆಕೆಯ ಪರವಾಗಿ ಪ್ರಧಾನ ತಿರುಮಲರಾಯನು ತಂಜಾವೂರಿನಲ್ಲಿ ಕಂಪನಿಯ ಸಲ್ಲಿವನ್ನನೊಡನೆ ಒಪ್ಪಂದ ಮಾಡಿಕೊಂಡನು. ಮರುವರ್ಷ ಪಟ್ಟಣದೊಳಗಿನ ಸಂಚು ಬಯಲಾಗಿ ಅದರಲ್ಲಿದ್ದವರು ತಲೆ ತೆತ್ತರು. ಆಕೆ ಅಷ್ಟಕ್ಕೆ ಕೈಬಿಡಲಿಲ್ಲ. ೧೭೯೯ರಲ್ಲಿ ಐದು ವರ್ಷದ ಮುಮ್ಮಡಿ ಪಟ್ಟವೇರಿದುದು ಆ ಹಟದ ಫಲವೂ ಹೌದು.

ಆಕೆ ವೇಷ ಹಾಕಿ ಊರೂರು ಅಲೆದ ಬೇಹುಗಾರ್ತಿಯಲ್ಲ. ಬೇಹಿನ ಸೂತ್ರ ಹಿಡಿದವರು. ಆದರೂ ಈ ಪ್ರಸಂಗ ಸಾಮಾನ್ಯವಾಗಿ ತಿರುಮಲರಾಯನ ಸಾಹಸವೆಂದೇ ನಿರೂಪಿತವಾಗುತ್ತದೆ. ಬ್ಯಾಂಕಿನವನ ಉಪಮೆಯನ್ನು ವಾಚಕರು ಕ್ಷಮಿಸಬೇಕು: ಖಾತೆದಾರರನ್ನು ಮರೆತು ಮುಖ್ತಾರನ ರುಜುವನ್ನೇ ಓದಿದಂತಾಯಿತು. ಇಂಗ್ಲಿಷರನ್ನು ನೆಚ್ಚಿದ್ದು ನಿಷ್ಠೆಯೋ ದ್ರೋಹವೋ ಎಂಬ ಚರ್ಚೆ ನಡೆಯಲಿ. ದ್ರೋಹವೆನ್ನಬೇಕಾದರೂ ಮೊದಲು ಅದರ ಕರ್ತೃ ಆಕೆಯೆಂದು ಒಪ್ಪಬೇಕಷ್ಟೆ. ಚಿತ್ರದುರ್ಗದ ಓಬವ್ವನನ್ನು ನಾವು ಮರೆಯಲಿಲ್ಲ. ಒನಕೆ ಕಣ್ಣಿಗೆ ಕಾಣುವ ವಸ್ತು.

ಟಿಪ್ಪುವಿನ ವಂಶದಲ್ಲಿ ಹುಟ್ಟಿದ ನೂರ್ ಇನಾಯತ್ ಖಾನ್ ೧೯೪೩ರ ಜೂನಿನಲ್ಲಿ, ಜರ್ಮನರ ವಶದಲ್ಲಿದ್ದ ಫ್ರಾನ್ಸಿನೊಳಗೆ ಗುಟ್ಟಾಗಿ ಇಳಿದು, ಪ್ಯಾರಿಸ್ಸಿನಿಂದ ನಿಸ್ತಂತು ಯಂತ್ರದ ಮೂಲಕ ಲಂಡನ್ನಿಗೆ ಸುದ್ದಿ ಮುಟ್ಟಿಸಿದಳು. ಲಕ್ಷ್ಮಮ್ಮಣ್ಣಿಯವರು ಅವಳ ಪೂರ್ವಜನ ವಿರುದ್ಧ ನೆಚ್ಚಿದ್ದ ಇಂಗ್ಲಿಷರ ಪರವಾಗಿ! ೧೯೪೪ರ ಸೆಪ್ಟೆಂಬರಿನಲ್ಲಿ ದಾಖೌ ಶಿಬಿರದಲ್ಲಿ ಅವಳನ್ನು ಕೊಂದರು. ೧೯೪೯ರಲ್ಲಿ ಅವಳಿಗೆ ಜಾರ್ಜ್ ಕ್ರಾಸ್ ಸಂದಿತು. ಅವಳನ್ನು ಪರಿಚಯಿಸುವವರೆಲ್ಲ ಟಿಪ್ಪುವಿನ ಹೆಸರಿನಿಂದಲೇ ತೊಡಗುತ್ತಾರೆ. ನಾನೂ ಈಗ ಹಾಗೆಯೇ ಮಾಡಿದೆ.