ಗಂಡು ಒಬ್ಬ, ಮಂಟಪ ಎರಡು

ಧಾರಾವಾಹಿಗಳ ನಾಯಕಿಗೆ ಸಂಕಟ ಅಂದ್ರೆ ಇಬ್ಬರು ಗಂಡಸರಲ್ಲಿ ಯಾರನ್ನು ಆರಿಸೋದು ಅನ್ನೋದು. 2023ರಲ್ಲಿ ಬಂದ ‘ಮೇಡ್ ಇನ್ ಹೆವನ್’ ಹಿಂದಿ ಸರಣಿಯ ಎರಡನೇ ಭಾಗದ ಐದನೇ ಕಂತಿನ ಪಲ್ಲವಿ ಮೆಂಕೆಯ ಸಂಕಟ ಬೇರೆ. ಗಂಡು ಒಬ್ಬನೇ, ಮಂಟಪ ಎರಡು. ರಾಧಿಕಾ ಆಪ್ಟೆ ನಟಿಸಿರುವ ಈ ದಲಿತ ಲೇಖಕಿ ಸವರ್ಣ ಹುಡುಗನನ್ನು ಮನಸಾರೆ ಪ್ರೀತಿಸುತ್ತಾಳೆ. ಸಪ್ತಪದಿಗೂ ಒಪ್ಪುತ್ತಾಳೆ. ಜೊತೆಗೆ ಬೌದ್ಧ ವಿಧಿಯ ಮದುವೆಯೂ ಆಗಲಿ ಅಂದಾಗ, ಜಾತಿ ಗೊತ್ತಿದ್ದೇ ಒಪ್ಪಿದವನು ಹಿಂಜರಿಯುತ್ತಾನೆ.

ಈ ಹಿಂಜರಿಕೆಯನ್ನು ನಾನು ಬಲ್ಲೆ. ಹಾಸ್ಟೆಲಿನ ದಿನಗಳಲ್ಲಿ ನನ್ನ ಗೆಳತಿಯೊಬ್ಬಳಿಗೆ ‘ನಿನ್ನ ಜಾತಿ ನಂಗೆ ಮುಖ್ಯ ಅಲ್ಲ’ ಎಂದವನೇ, ‘ನಮ್ಮನೇಲಿ ಮಾತ್ರ ಹೇಳ್ಬೇಡ’ ಅಂದಿದ್ದ. ಮುಖ್ಯವಲ್ಲದ್ದನ್ನು ಮುಚ್ಚಿಡೋದ್ಯಾಕೆ? ಅವಳು ಪ್ರೀತಿಯನ್ನು ಅನುಮಾನಿಸಲಿಲ್ಲ, ತನ್ನನ್ನೇ ಅನುಮಾನಿಸಿಕೊಂಡಳು. ಪಲ್ಲವಿ ಆ ಅನುಮಾನವನ್ನು ಅವನಿಗೇ ವಾಪಸು ಕೊಡುತ್ತಾಳೆ.

ಅಂಬೇಡ್ಕರರ ಪಟವಿರುವ ಮಂಟಪದಲ್ಲಿ ಬಿಳಿ ಸೀರೆಯ ಪಲ್ಲವಿಯನ್ನು ಕಂಡಾಗ ನನ್ನ ಕಣ್ಣು ತುಂಬಿ ಬಂತು. ನಿರ್ದೇಶಕ ನೀರಜ್ ಘಾಯ್ವಾನ್ ದಲಿತರು. ದೃಶ್ಯದಲ್ಲಿ ಅನುಕಂಪದ ಸೋಂಕಿಲ್ಲ.

ಆದರೂ ನನ್ನದೊಂದು ತಕರಾರಿದೆ. 1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಅಂದರು. ಶಾಸ್ತ್ರಗಳ ಪಾವಿತ್ರ್ಯ ಅಳಿಯದೆ ಜನ ಆ ಮದ್ದು ಮುಟ್ಟೋದಿಲ್ಲ ಅಂತಲೂ ಎಚ್ಚರಿಸಿದರು. ಇಲ್ಲಿ ಸಪ್ತಪದಿ ಕೇಳದೆಯೇ ಇರುತ್ತೆ. ಕೇಳಿ ಪಡೆಯಬೇಕಾದ್ದು ಅವಳ ವಿಧಿ ಮಾತ್ರ. ‘ಬೌದ್ಧ ವಿಧಿಯೊಂದೇ ಸಾಕು’ ಅನ್ನುವ ನಾಯಕಿ ತೆರೆಗೆ ಬರೋವರೆಗೂ, ಪ್ರೀತಿಯಲ್ಲೂ ಅರ್ಜಿ ಹಾಕೋ ಕೆಲಸ ನಮ್ಮ ಹೆಣ್ಣುಮಕ್ಕಳದ್ದೇ.