ಪದವಿ ತರಗತಿಯ ಸಂಶೋಧನೆ: ಒಂದು ವಿಮರ್ಶೆ

ಪದವಿ ತರಗತಿಯ ವಿದ್ಯಾರ್ಥಿಯು ವೈಜ್ಞಾನಿಕ ಸಂಶೋಧನೆಯಲ್ಲಿ ತೊಡಗಬಹುದೇ ಎಂಬ ಪ್ರಶ್ನೆಗೆ ನಮ್ಮ ಕಾಲೇಜುಗಳಲ್ಲಿ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ಪಠ್ಯವನ್ನೇ ಅರಗಿಸಿಕೊಳ್ಳದವನಿಗೆ ಸಂಶೋಧನೆಯ ಮಾತೇಕೆ ಎಂಬುದು ಒಂದು. ಪ್ರತಿಯೊಬ್ಬನೂ ಒಂದೊಂದು ವರದಿಯನ್ನು ಒಪ್ಪಿಸಿದರೆ ಸಂಶೋಧನೆ ತಾನಾಗಿ ಬೆಳೆಯುವುದೆಂಬುದು ಮತ್ತೊಂದು. ಇವು ಪರಸ್ಪರ ವಿರುದ್ಧವೆಂದು ತೋರಿದರೂ ಎರಡರ ಬೇರೂ ಒಂದೇ. ಸಂಶೋಧನೆಯನ್ನು ಅದರ ಕೊನೆಯ ಪುಟದ ನಿರ್ಣಯದಿಂದ ಅಳೆಯುವ ಅಭ್ಯಾಸವೇ ಆ ಬೇರು.

ಈ ಚರ್ಚೆಯಲ್ಲಿ ರಾಮನ್ ಮತ್ತು ಚಂದ್ರಶೇಖರ್ ಇವರ ಹೆಸರುಗಳು ಬಾರದೆ ಇರುವುದಿಲ್ಲ. ಇಬ್ಬರೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರು. ಚಂದ್ರಶೇಖರರು ಬಿ.ಎ. ಆನರ್ಸ್ ತರಗತಿಯಲ್ಲಿದ್ದಾಗಲೇ ಅವರ ಲೇಖನವೊಂದು 1929ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರಾಮನ್ನರ ಮೊದಲ ಲೇಖನವನ್ನು, ಅವರು ಬಿ.ಎ. ಮುಗಿಸಿ ಎಂ.ಎ. ವ್ಯಾಸಂಗದಲ್ಲಿದ್ದ 1906ರಲ್ಲಿ, ‘ಫಿಲಸಾಫಿಕಲ್ ಮ್ಯಾಗಜಿನ್’ ಪ್ರಕಟಿಸಿತು. ಇದರಿಂದ ಸಾಮಾನ್ಯವಾಗಿ ತೆಗೆಯುವ ನೀತಿ, ಪ್ರತಿಭಾವಂತರಿಗೆ ವಯಸ್ಸು ಅಡ್ಡಿಯಲ್ಲ ಎಂಬುದು. ಆ ನೀತಿ ಉಳಿದ ವಿದ್ಯಾರ್ಥಿಗಳಿಗೆ ಯಾವ ದಾರಿಯನ್ನೂ ತೋರಿಸುವುದಿಲ್ಲ. ರಾಮನ್ನರು ಮಾಡಿದ ಕೆಲಸವನ್ನು ನೋಡಿದರೆ ಬೇರೊಂದು ಪಾಠ ದೊರೆಯುತ್ತದೆ. ಸ್ಪೆಕ್ಟ್ರೊಮೀಟರಿನಲ್ಲಿ ಗಾಜಿನ ಪಟ್ಟಕದ ಕೋನವನ್ನು ಅಳೆಯುವುದು ಅಂದಿನಂತೆ ಇಂದೂ ತರಗತಿಯ ಸಾಮಾನ್ಯ ಪ್ರಯೋಗ. ಹಾಗೆ ಅಳೆಯುವಾಗ, ಓರೆಯಾಗಿ ಬಿದ್ದ ಬೆಳಕಿನ ವಿವರ್ತನ ಪಟ್ಟೆಗಳು ಎರಡು ಪಕ್ಕಗಳಲ್ಲಿ ಸಮವಾಗಿಲ್ಲವೆಂಬುದನ್ನು ಅವರು ಕಂಡರು. ಕಂಡುದನ್ನು ಉಪಕರಣದ ದೋಷವೆಂದು ತಳ್ಳಿಹಾಕದೆ ಅಳೆದು ಬರೆದಿಟ್ಟರು. ಉಪಕರಣ ಕಾಲೇಜಿನದು, ಪ್ರಯೋಗ ತರಗತಿಯದು. ದಾಖಲೆಯ ನಿಷ್ಠೆ ಮಾತ್ರ ಅವರದು.

ಈ ಪಾಠವನ್ನು ನಮ್ಮ ನೆಲಕ್ಕೆ ಅನ್ವಯಿಸಿ ನೋಡೋಣ. ಆಳಂದ ತಾಲೂಕಿನ ನರೋಣಾ ಸುತ್ತಿನ ಎರೆಭೂಮಿಯಲ್ಲಿ ತೊಗರಿಯೇ ಬಾಳಿನ ಆಧಾರ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2022ರ ಮುಂಗಾರಿನಲ್ಲಿ ನೆಟೆ ರೋಗವು ಜಿಲ್ಲೆಯ ಆ ಬೆಳೆಯನ್ನೇ ವ್ಯಾಪಕವಾಗಿ ಒಣಗಿಸಿತು. ಇದಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಬಟ್ಲರನು 1910ರಲ್ಲಿಯೇ ‘ಫ್ಯುಸೇರಿಯಂ ಉಡಂ’ ಎಂದು ಹೆಸರಿಟ್ಟಿದ್ದನು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ ತೊಗರಿಯ ಜೀನೋಮಿನ ಕರಡು 2011ರಲ್ಲಿ ಹೊರಬಂದಿತು. ಇಷ್ಟಾದ ಮೇಲೆ ಪದವಿ ವಿದ್ಯಾರ್ಥಿಗೆ ಉಳಿದಿರುವ ಕೆಲಸವೇನೆಂದು ಕೇಳುವವರುಂಟು. ಉಳಿದಿರುವುದು ಬಹಳ. ಯಾವ ಹೊಲದಲ್ಲಿ, ಯಾವ ವಾರದಲ್ಲಿ, ಹಿಂದಿನ ವರ್ಷ ಏನು ಬೆಳೆದಿದ್ದ ನೆಲದಲ್ಲಿ, ಎಷ್ಟು ಗಿಡ ಒಣಗಿದವು ಎಂಬ ಲೆಕ್ಕವು ಜೀನೋಮಿನಲ್ಲಿ ಸಿಕ್ಕುವುದಿಲ್ಲ. ಹೊಲಕ್ಕೆ ಮತ್ತೆ ಮತ್ತೆ ಹೋಗುವವನಿಗೆ ಮಾತ್ರ ಸಿಕ್ಕುತ್ತದೆ.

ಆದರೆ ರೂಢಿಯ ವರದಿಯು ಈ ಕೆಲಸವನ್ನು ಮಾಡುವುದಿಲ್ಲ. ವಿದ್ಯಾರ್ಥಿಯೊಬ್ಬನು ನೆಟೆ ರೋಗವನ್ನೇ ವಿಷಯವಾಗಿ ಆರಿಸಿಕೊಂಡನೆನ್ನೋಣ. ಪೀಠಿಕೆ ಇಪ್ಪತ್ತು ಪುಟ, ಬೇರೆಡೆಯಿಂದ ಎತ್ತಿದ್ದು; ಸ್ವಂತ ಅವಲೋಕನ ಒಂದು ಪುಟ, ಒಂದೇ ದಿನದ್ದು. ಹತ್ತು ಗಿಡಗಳಲ್ಲಿ ಮೂರು ಒಣಗಿದ್ದುದರಿಂದ ರೋಗದ ಪ್ರಮಾಣ ಶೇಕಡಾ 30 ಎಂಬ ನಿರ್ಣಯ. ಆ ಹತ್ತು ಗಿಡಗಳನ್ನು ಪಕ್ಷಪಾತವಿಲ್ಲದೆ ಆರಿಸಿದ್ದರೂ, ಶೇಕಡಾ 95ರ ಭರವಸೆಯಿಂದ ಹೇಳಬಹುದಾದುದು ನಿಜವಾದ ಪ್ರಮಾಣ ಶೇಕಡಾ 7ರಿಂದ 65ರ ನಡುವೆ ಇದೆಯೆಂದಷ್ಟೇ. ಮೇಲಾಗಿ ಈ ರೋಗವು ಹೊಲದಲ್ಲಿ ಸಮನಾಗಿ ಹರಡದೆ ಅಲ್ಲಲ್ಲಿ ಗುಂಪಾಗಿ ಕಾಣಿಸಿಕೊಳ್ಳುತ್ತದೆ. ಬದುವಿನ ಮೇಲೆ ನಿಂತು ಎಣಿಸಿದ ಹತ್ತು ಗಿಡಗಳು ಇಡೀ ಹೊಲದ ಮಾತನ್ನು ಆಡಲಾರವು. ಒಣಗಿದ ಗಿಡವೆಲ್ಲ ನೆಟೆಯದೂ ಅಲ್ಲ. ಒಣ ಬೇರುಕೊಳೆಯಿಂದಲೂ ಗಿಡ ಸಾಯುತ್ತದೆ, ನೀರು ನಿಂತರೂ ಸಾಯುತ್ತದೆ. ಬುಡದಿಂದ ಮೇಲೇರುವ ನೇರಳೆ ಛಾಯೆಯ ಪಟ್ಟೆ ಇದೆಯೇ, ಕಾಂಡವನ್ನು ಸೀಳಿದಾಗ ಒಳಗೆ ಕಪ್ಪು ಗೆರೆಗಳು ಕಾಣುತ್ತವೆಯೇ ಎಂದು ನೋಡಲು ಒಂದು ಬ್ಲೇಡು ಸಾಕು. ಬ್ಲೇಡನ್ನು ಬಳಸದೆ ಶೇಕಡಾವಾರನ್ನು ಬರೆದ ವರದಿಗೆ ಸಂಶೋಧನೆಯ ಹೆಸರು ಸಲ್ಲದು.

ತಪ್ಪು ವಿದ್ಯಾರ್ಥಿಯೊಬ್ಬನದೇ ಎಂದು ನಾವು ಹೇಳುವುದಿಲ್ಲ. ಒಂದು ಅವಧಿಯೊಳಗೆ ನಿರ್ಣಯವನ್ನು ಕೇಳುವ ಪದ್ಧತಿಯೇ ಅವನನ್ನು ಇದಕ್ಕೆ ನೂಕುತ್ತದೆ. 2021ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಕ್ರಮದಲ್ಲಿ ಸಂಶೋಧನೆಗೆಂದು ಕೊನೆಯ ವರ್ಷದಲ್ಲಿ ಅವಕಾಶವಿತ್ತು. 2024ರಲ್ಲಿ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿತು. ಇದರಿಂದ ಸಂಶೋಧನೆಯ ಬಾಗಿಲು ಮುಚ್ಚಿತೆಂದು ಕೆಲವರು ಮರುಗುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ತೊಗರಿಯ ಬಿತ್ತನೆ ಜೂನ್-ಜುಲೈನಲ್ಲಿ, ರಾಶಿ ಡಿಸೆಂಬರ್-ಜನವರಿಯಲ್ಲಿ. ಮೂರು ವರ್ಷ ಓದುವವನು ಮೂರು ಬೆಳೆಗಳನ್ನು ಕಾಣುತ್ತಾನೆ. ಗುರುತಿಟ್ಟ ಸಾಲುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಎಣಿಸಿ, ಜೋಳದೊಡನೆ ಬೆಳೆದ ತೊಗರಿಯನ್ನೂ ತೊಗರಿಯೊಂದನ್ನೇ ಬೆಳೆದ ಹೊಲವನ್ನೂ ಹೋಲಿಸಿ ಬರೆದರೆ, ಒಬ್ಬನ ಪುಸ್ತಕವು ಮೂರು ಮಳೆಗಾಲಗಳ ದಾಖಲೆಯಾಗುತ್ತದೆ. ಕಿರಿಯನೊಬ್ಬನು ಅದನ್ನು ಮುಂದುವರಿಸಿದರೆ ಆರು ಮಳೆಗಾಲಗಳದು. ಶಿಲೀಂಧ್ರವನ್ನು ಬೇರ್ಪಡಿಸಿ ಖಚಿತಪಡಿಸಲು ದೊಡ್ಡ ಪ್ರಯೋಗಶಾಲೆಯ ನೆರವು ಬೇಕು. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಇದೇ ತಾಲೂಕಿನ ಕಡಗಂಚಿಯಲ್ಲಿದೆ. ಬರಿಗೈಯಿಂದ ಬಂದವನಿಗಿಂತ, ದಿನಾಂಕ ಬರೆದ ಮಾದರಿಗಳನ್ನು ತಂದವನಿಗೆ ಯಾವ ಪ್ರಯೋಗಶಾಲೆಯಲ್ಲಿಯೂ ಹೆಚ್ಚಿನ ಗಮನ ದೊರೆಯುವುದು ಸಹಜ.

ಆ ಪುಸ್ತಕವು ಕನ್ನಡದಲ್ಲಿರುವುದು ಲೇಸು. ತನಗೆ ಅರ್ಥವಾಗದ ಇಂಗ್ಲಿಷಿನಲ್ಲಿ ವಿದ್ಯಾರ್ಥಿಯು ಬರೆದುದನ್ನು ಅಧ್ಯಾಪಕನು ತಿದ್ದಬಹುದು. ಹೊಲದ ಒಡೆಯನು ತಿದ್ದಲಾರನು. ಯಾವ ಮೂಲೆಯಲ್ಲಿ ಮೊದಲು ನೆಟೆ ಬಿದ್ದಿತೆಂಬುದು ಆ ಒಡೆಯನಿಗೇ ಚೆನ್ನಾಗಿ ತಿಳಿದಿರುವುದರಿಂದ, ಅವನ ತಿದ್ದುಪಡಿಯನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಆದುದರಿಂದ ಪರೀಕ್ಷಕರಿಗೆ ನಮ್ಮ ಸೂಚನೆ ಒಂದೇ. ಪದವಿ ವಿದ್ಯಾರ್ಥಿಯ ವರದಿಯನ್ನು ಕೈಗೆ ತೆಗೆದುಕೊಂಡಾಗ ಅವನು ಏನನ್ನು ಸಾಧಿಸಿದನೆಂದು ಮೊದಲು ಕೇಳದಿರಲಿ. ಮುಂದಿನ ವರ್ಷ ಮತ್ತೊಬ್ಬನು ಈ ಪುಸ್ತಕವನ್ನು ಹಿಡಿದು ನರೋಣಾಕ್ಕೆ ಹೋದರೆ ಅದೇ ಹೊಲವನ್ನು, ಅದೇ ಸಾಲನ್ನು ಕಂಡುಹಿಡಿದು ಎಣಿಕೆಯನ್ನು ಮುಂದುವರಿಸಬಲ್ಲನೇ ಎಂದು ಕೇಳಲಿ. ಹೌದೆಂಬ ಉತ್ತರ ಬಂದರೆ, ನಿರ್ಣಯದ ಪುಟ ಖಾಲಿಯಿದ್ದರೂ ಅಂಕಗಳನ್ನು ಧಾರಾಳವಾಗಿ ಕೊಡಬಹುದು.