ಗ್ಲೇಸಿಯರ್ ಕಾಣಿಸದ ಗ್ಲೇಸಿಯರ್ ಎಕ್ಸ್‌ಪ್ರೆಸ್

ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಂಪನಿಯ ಕೆಫೆಟೇರಿಯಾದಲ್ಲಿ ಕೂತು "ಈ ಸಲ ಅಪ್ಪ-ಅಮ್ಮನ್ನ ಸ್ವಿಟ್ಜರ್‌ಲೆಂಡಿಗೆ ಕರ್ಕೊಂಡು ಹೋಗ್ಬೇಕು ಅಂತಿದೀನಿ" ಅಂದು ನೋಡಿ. ಕಾಫಿ ಆರೋದ್ರೊಳಗೆ ಮೂರು ಸಲಹೆ ಬಂದಿರುತ್ತವೆ. ಕಾರ್ ಗೀರ್ ಬೇಡ, ಟ್ರಾವೆಲ್ ಪಾಸ್ ತಗೊಂಡ್ಬಿಡು. ಗ್ಲೇಸಿಯರ್ ಎಕ್ಸ್‌ಪ್ರೆಸ್ ಮಾತ್ರ ಮಿಸ್ ಮಾಡ್ಬೇಡ. ಇಟಲಿಗೂ ಹೋಗೋದಾದ್ರೆ ಅಲ್ಲಿ ಕಾರು. ಸಂಜೆಯೊಳಗೆ ಯಾರೋ ಪುಣ್ಯಾತ್ಮರು ತಮ್ಮ ಹಳೇ ಎಕ್ಸೆಲ್ ಶೀಟನ್ನೂ ಕಳಿಸಿರುತ್ತಾರೆ. ಒಂದು ಕಡೆ ಪಾಸಿನ ದರ, ಇನ್ನೊಂದು ಕಡೆ ಬಾಡಿಗೆ, ಪೆಟ್ರೋಲು, ಪಾರ್ಕಿಂಗು, ಇನ್ಷೂರೆನ್ಸು, ಹೆದ್ದಾರಿಯ ಸ್ಟಿಕರ್ರು. ಕೆಳಗೆ ಹಳದಿ ಬಣ್ಣದ ಸೆಲ್‌ನಲ್ಲಿ ತಲಾ ಖರ್ಚು.

ಆ ಶೀಟಿನ ಲೆಕ್ಕ ಸಾಮಾನ್ಯವಾಗಿ ಸರಿಯಾಗೇ ಇರುತ್ತೆ, ನಾವು ಅದರಲ್ಲೆಲ್ಲ ಪಂಟರುಗಳು. ನನ್ನ ತಕರಾರು ಅದರ ಕಾಲಂಗಳ ಬಗ್ಗೆ. ನೋಡೋದಕ್ಕೆ ಅಂತಲೇ ಲಕ್ಷಗಟ್ಟಲೆ ಖರ್ಚು ಮಾಡಿ ಹೋಗುವ ಪ್ರವಾಸ ಅದು. ಆದರೆ ಯಾವ ಸೀಟಿನಿಂದ ಏನು ಕಾಣುತ್ತೆ, ಯಾರಿಗೆ ಕಾಣುತ್ತೆ, ಯಾರಿಗೆ ಕಾಣಲ್ಲ ಅನ್ನೋದಕ್ಕೆ ಶೀಟಿನಲ್ಲಿ ಜಾಗವೇ ಇಲ್ಲ. ರೈಲೋ ಕಾರೋ ಅನ್ನೋದನ್ನ ಇಡೀ ದೇಶಕ್ಕೆ ಒಂದೇ ಸಲ ತೀರ್ಮಾನ ಮಾಡೋ ಪ್ರಶ್ನೆ ಅಂದುಕೊಂಡಿರೋದೇ ಇದಕ್ಕೆ ಕಾರಣ. ನಿಜದಲ್ಲಿ ಅದು ಕಣಿವೆಯಿಂದ ಕಣಿವೆಗೆ ಬದಲಾಗುತ್ತೆ.

ಎಲ್ಲರೂ ಮಿಸ್ ಮಾಡ್ಬೇಡ ಅನ್ನುವ ಗ್ಲೇಸಿಯರ್ ಎಕ್ಸ್‌ಪ್ರೆಸ್ಸನ್ನೇ ತಗೊಳ್ಳೋಣ. ಜ಼ೆರ್ಮಾಟ್‌ನಿಂದ ಸೇಂಟ್ ಮೋರಿಟ್ಜ಼್‌ವರೆಗೆ 291 ಕಿಲೋಮೀಟರು, 291 ಸೇತುವೆ, 91 ಸುರಂಗ, ಹೆಚ್ಚೂಕಮ್ಮಿ ಎಂಟು ಗಂಟೆ. ಜಗತ್ತಿನ ಅತಿ ನಿಧಾನದ ಎಕ್ಸ್‌ಪ್ರೆಸ್ ಅಂತ ಅವರೇ ಹೆಮ್ಮೆಯಿಂದ ಹೇಳ್ಕೋತಾರೆ. 1930ರಲ್ಲಿ ಓಡಾಟ ಶುರುವಾದಾಗ ಅದಕ್ಕೆ ಆ ಹೆಸರು ಸಲ್ಲುತ್ತಿತ್ತು. ಆಗ ರೈಲು ಫುರ್ಕಾ ಘಾಟಿಯನ್ನು ಹತ್ತಿ ಗ್ಲೆಚ್ ಅನ್ನೋ ಪುಟ್ಟ ಊರಿನ ಮೇಲೆ ಹೋಗುತ್ತಿತ್ತು, ಅಲ್ಲಿಂದ ರೋನ್ ಹಿಮನದಿ ಕಿಟಕಿಗೇ ಕಾಣುತ್ತಿತ್ತು. ಹೆಸರಿನಲ್ಲಿರೋ ಗ್ಲೇಸಿಯರ್ ಅದೇ. ಚಳಿಗಾಲದಲ್ಲಿ ಆ ಭಾಗ ಹಿಮದಲ್ಲಿ ಮುಚ್ಚಿಹೋಗುತ್ತಿದ್ದರಿಂದ ಬೇಸಿಗೆಯಲ್ಲಿ ಮಾತ್ರ ಓಡಾಟ. 1982ರಲ್ಲಿ ಬೆಟ್ಟದ ಬುಡದಲ್ಲೇ ಸುಮಾರು 15 ಕಿಲೋಮೀಟರಿನ ಫುರ್ಕಾ ಸುರಂಗ ತೆರೆಯಿತು. ರೈಲು ವರ್ಷದ ಬಹುಪಾಲು ಓಡೋ ಹಾಗಾಯಿತು. ಸುರಂಗದಲ್ಲಿ ಕತ್ತಲೆ ಬಿಟ್ಟು ಬೇರೇನಿದೆ? ಗ್ಲೇಸಿಯರ್ ಎಕ್ಸ್‌ಪ್ರೆಸ್ಸಿಗೆ ಹೆಸರು ಕೊಟ್ಟ ಗ್ಲೇಸಿಯರ್ ನಲವತ್ತು ವರ್ಷದಿಂದ ಆ ರೈಲಿಗೆ ಕಾಣ್ತಾ ಇಲ್ಲ.

ಕೆಟ್ಟ ರೈಲು ಅಂತಲ್ಲ. ಓಬರಾಲ್ಪ್ ಕಣಿವೆದಾರಿಯಲ್ಲಿ 2,033 ಮೀಟರ್ ಹತ್ತುತ್ತೆ, ರೈನ್ ನದಿಯ ಕೊರಕಲು, ಲಾಂಡ್‌ವಾಸರ್ ಸೇತುವೆ ಎಲ್ಲ ಅದರಲ್ಲೇ ಬರ್ತವೆ. ಆದರೆ ಪಾಸಿದ್ದರೂ ಸೀಟಿಗೆ ಬೇರೆ ದುಡ್ಡು ಕಟ್ಟಿ, ತೆರೆಯೋಕಾಗದ ದೊಡ್ಡ ಗಾಜಿನ ಹಿಂದೆ ಎಂಟು ಗಂಟೆ ಕೂರಬೇಕು. ಅರವತ್ತು ದಾಟಿದವರನ್ನು ಕರ್ಕೊಂಡು ಹೋದವರಿಗೆ ಐದನೇ ಗಂಟೆಯಲ್ಲಿ ಬೋಗಿ ಹೇಗಿರುತ್ತೆ ಅಂತ ಗೊತ್ತು. ಅರ್ಧ ಜನ ನಿದ್ದೆ, ಉಳಿದವರು ಮೊಬೈಲು. ಗಾಜಿನ ಮೇಲೆ ಎದುರು ಸೀಟಿನವರ ಬಿಳಿ ಅಂಗಿಯ ಪ್ರತಿಬಿಂಬ. ಫೋಟೊಗಳಲ್ಲಿ ಬೆಟ್ಟದಷ್ಟೇ ಸ್ಪಷ್ಟವಾಗಿ ಆ ಅಂಗಿಯೂ ಬಂದಿರುತ್ತೆ.

ಈಗ ಅದೇ ಫುರ್ಕಾವನ್ನು ರಸ್ತೆಯಲ್ಲಿ ನೋಡಿ. ಘಾಟಿಯ ತುದಿ 2,429 ಮೀಟರ್. 1964ರ ಬಾಂಡ್ ಸಿನಿಮಾ ಗೋಲ್ಡ್‌ಫಿಂಗರ್‌ನ ಕಾರು ಓಡಿದ ರಸ್ತೆ ಅದೇ. ಒಂದು ಹೇರ್‌ಪಿನ್ ತಿರುವಿಗೆ ಅಂಟಿಕೊಂಡಂತೆ ಬಾಗಿಲು ಮುಚ್ಚಿದ ಬೆಲ್ವೆಡೇರ್ ಹೋಟೆಲು. ಅಲ್ಲಿ ಇಳಿದು ಸ್ವಲ್ಪ ನಡೆದರೆ ರೋನ್ ಹಿಮನದಿ. ಹೋಟೆಲು ಕಟ್ಟಿದ ಕಾಲಕ್ಕೆ ಹಿಮನದಿ ಅದರ ಪಕ್ಕದಲ್ಲೇ ಇಳಿದು ಬರುತ್ತಿತ್ತು, ಈಗ ತುಂಬಾ ಹಿಂದಕ್ಕೆ ಸರಿದಿದೆ. ಬೇಸಿಗೆಯಲ್ಲಿ ಕರಗೋದು ನಿಧಾನವಾಗಲಿ ಅಂತ ಮಂಜಿನ ಗುಹೆಯ ಮೇಲೆ ಬಿಳಿ ಬಟ್ಟೆ ಹೊದಿಸಿಟ್ಟಿರುವ ಚಿತ್ರಗಳನ್ನು ನೀವೂ ನೋಡಿರಬಹುದು. ಜ್ವರ ಬಂದ ಮಗುವಿಗೆ ಒದ್ದೆಬಟ್ಟೆ ಹಾಕಿದಂತೆ. ಸ್ವಿಟ್ಜರ್‌ಲೆಂಡಿನಲ್ಲಿ ನೋಡಲೇಬೇಕಾದದ್ದು ಏನಾದರೂ ಇದ್ದರೆ ಇದು, ಯಾಕಂದ್ರೆ ಇದು ಕಾಯೋದಿಲ್ಲ. ಎಲ್ಲರೂ ಹೊಗಳೋ ರೈಲು ಇದನ್ನ ತೋರಿಸಲ್ಲ. ಬೇಡ ಅಂತ ಎಲ್ಲರೂ ಹೇಳಿದ ಕಾರು ತೋರಿಸುತ್ತೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಮೂರೂ ಘಾಟಿಗಳನ್ನು ಸೇರಿಸಿ ಒಂದೇ ದಿನದಲ್ಲಿ ಸುತ್ತು ಹಾಕಬಹುದು. ಬೇಕಾದ ಕಡೆ ನಿಲ್ಲಿಸಿ, ಡಿಕ್ಕಿ ತೆಗೆದು, ಮನೆಯಿಂದ ತಂದ ಚಪಾತಿ-ಚಟ್ನಿಪುಡಿ ತಿಂದು ಹೊರಡಬಹುದು.

ಆದರೆ ಸ್ಟೀರಿಂಗ್ ಹಿಡಿದವನ ಕಥೆ? ನಮ್ಮಲ್ಲಿ ಎಡಗಡೆ ಓಡಿಸಿ ಅಭ್ಯಾಸ, ಅಲ್ಲಿ ಬಲಗಡೆ. ಆಟೋಮ್ಯಾಟಿಕ್ ಕೇಳಿದರೆ ಬಾಡಿಗೆ ಏರುತ್ತೆ, ಮ್ಯಾನುಯಲ್ ತಗೊಂಡರೆ ಗೇರು ಬಲಗೈಗೆ ಬರುತ್ತೆ. ಘಾಟಿಯ ತಿರುವಿನಲ್ಲಿ ಅವನ ಕಣ್ಣು ರಸ್ತೆ ಮೇಲೆ, ಎದುರಿನ ಬೈಕುಗಳ ಮೇಲೆ, ಸ್ಪೀಡೋಮೀಟರಿನ ಮೇಲೆ. ಅಲ್ಲಿನ ವೇಗದ ದಂಡ ನಮ್ಮ ಸಿಗ್ನಲ್ ಜಂಪಿನ ದಂಡದ ಥರ ಅಲ್ಲ, ಜಾಸ್ತಿ ಮೀರಿದರೆ ನಿಮ್ಮ ಆದಾಯ ನೋಡಿ ಹಾಕ್ತಾರೆ. ಇಡೀ ದಿನ ಆಲ್ಪ್ಸಿನಲ್ಲಿದ್ದೂ ಆಲ್ಪ್ಸ್ ನೋಡದ ಒಬ್ಬ ಮನುಷ್ಯ ಕಾರಿನಲ್ಲಿ ಇದ್ದೇ ಇರ್ತಾನೆ. ಹೆಚ್ಚಾಗಿ ಎಲ್ಲರ ಟಿಕೆಟ್ಟಿಗೂ ದುಡ್ಡು ಕೊಟ್ಟವನು ಅವನೇ. ಎಕ್ಸೆಲ್ ಶೀಟಿನಲ್ಲಿ 'ಡ್ರೈವರ್: ಸೊನ್ನೆ ಫ್ರಾಂಕ್' ಅಂತ ಇರುತ್ತೆ. ಹಿಂದಿನ ಸೀಟಿನಲ್ಲಿ ಅಮ್ಮ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂತಿದ್ದರೆ ಆ ದಿನ ಆಲ್ಪ್ಸ್ ಕಾಣದವರು ಇಬ್ಬರು.

ರೈಲು-ಕಾರಿನ ಈ ಜಗಳದಲ್ಲಿ ಯಾರ ಬಾಯಲ್ಲೂ ಬಾರದ ಮೂರನೆಯದೊಂದಿದೆ. ಅಂಚೆ ಇಲಾಖೆಯಿಂದ ಹುಟ್ಟಿದ ಹಳದಿ ಬಸ್ಸು. ಬೇಸಿಗೆಯಲ್ಲಿ ಈ ಘಾಟಿಗಳ ಮೇಲೇ ಓಡುತ್ತೆ, ಪಾಸಿದ್ದರೆ ಟಿಕೆಟ್ಟೂ ಬೇಡ. ಕುರುಡು ತಿರುವುಗಳಲ್ಲಿ ರೊಸ್ಸಿನಿಯ ವಿಲಿಯಂ ಟೆಲ್ ಸಂಗೀತದಿಂದ ಎತ್ತಿಕೊಂಡ ಮೂರು ಸ್ವರದ ಹಾರ್ನ್ ಹೊಡೀತಾರೆ. ನೀಲಿ ಫಲಕದ ಮೇಲೆ ಹಳದಿ ಕಹಳೆಯ ಚಿತ್ರ ಇದ್ದ ರಸ್ತೆಯಲ್ಲಿ ಆ ಬಸ್ಸಿನ ಡ್ರೈವರ್ ಹೇಳಿದ್ದೇ ಅಂತಿಮ. ನಿಮ್ಮ ಬಾಡಿಗೆ ಕಾರನ್ನ ಹಿಂದಕ್ಕೆ ತಗೋ ಅಂದ್ರೆ ತಗೋಬೇಕು. ಹಳ್ಳಿಯಲ್ಲಿ ಬೆಳೆದವರಿಗೆ ಇದರಲ್ಲಿ ಹೊಸದೇನಿಲ್ಲ, ಪೇಪರ್ ಬಂಡಲ್ಲು ಹೊತ್ತು ಬರುತ್ತಿದ್ದ ಕೆಂಪು ಬಸ್ಸಿಗೆ ಎದುರು ಬಂದ ಎತ್ತಿನಗಾಡಿಯಿಂದ ಲಾರಿಯವರೆಗೂ ಎಲ್ಲರೂ ಪಕ್ಕಕ್ಕೆ ಸರಿಯುತ್ತಿದ್ದುದನ್ನು ನೋಡಿದ್ದೇವೆ. ಎತ್ತರದ ಸೀಟು, ರಸ್ತೆ ಗೊತ್ತಿರೋ ಡ್ರೈವರು, ನಿಮ್ಮ ಎರಡೂ ಕಣ್ಣು ಖಾಲಿ. ದಿನಕ್ಕೆ ಕೆಲವೇ ಬಸ್ಸು, ಒಂದು ತಪ್ಪಿದರೆ ಕಾಯಬೇಕು ಅನ್ನೋದು ನಿಜ. ಘಾಟಿಯ ತುದಿಯಲ್ಲಿ ಕಾಯೋದು ನನಗಂತೂ ಶಿಕ್ಷೆ ಅನಿಸಲ್ಲ.

ಕಾಯೋ ಮಾತು ಬಂತಲ್ಲ, ಸ್ವಿಸ್ ರೈಲಿನ ನಿಜವಾದ ಸೊಗಸು ಗಾಜಿನ ಬೋಗಿಯಲ್ಲಿಲ್ಲ, ವೇಳಾಪಟ್ಟಿಯಲ್ಲಿದೆ. 1982ರಲ್ಲಿ ಇಡೀ ದೇಶಕ್ಕೆ ನಿಯಮಿತ ಅಂತರದ ವೇಳಾಪಟ್ಟಿ ತಂದರು. ಒಂದು ಊರಿಂದ ಒಂಬತ್ತು ಹದಿನೈದಕ್ಕೆ ರೈಲಿದ್ದರೆ ಹತ್ತು ಹದಿನೈದಕ್ಕೂ ಇದೆ, ಹನ್ನೊಂದು ಹದಿನೈದಕ್ಕೂ ಇದೆ. ದೊಡ್ಡ ಜಂಕ್ಷನ್ನುಗಳಿಗೆ ಎಲ್ಲಾ ದಿಕ್ಕಿನ ರೈಲುಗಳು ಹೆಚ್ಚೂಕಮ್ಮಿ ಒಟ್ಟಿಗೇ ಬಂದು, ಜನ ಬದಲಾಯಿಸಿಕೊಂಡ ಮೇಲೆ ಒಟ್ಟಿಗೇ ಹೊರಡ್ತವೆ. ಇದನ್ನ ಬೆಳೆಸೋ 'ರೈಲು 2000' ಯೋಜನೆಗೆ 1987ರಲ್ಲಿ ಜನ ಓಟು ಹಾಕಿ ಒಪ್ಪಿಗೆ ಕೊಟ್ಟರು. 2004ರಲ್ಲಿ ಹೊಸ ಹಳಿ ಬಂದಾಗ ಜ್ಯೂರಿಕ್-ಬರ್ನ್ ಪ್ರಯಾಣ ಒಂದು ಗಂಟೆಯೊಳಗೆ ಇಳಿಯಿತು. ಇನ್ನೂ ಜೋರಾಗಿ ಓಡಿಸಬಹುದಿತ್ತೇನೋ. ಆದರೆ ಮುಂದಿನ ರೈಲು ಸಿಗೋಕೆ ಎಷ್ಟು ಬೇಕೋ ಅಷ್ಟು ವೇಗ ಸಾಕು ಅನ್ನೋದು ಅವರ ತತ್ವ. ಪ್ರೊಡಕ್ಷನ್ನಿನಲ್ಲಿ ನಲವತ್ತು ವರ್ಷದಿಂದ ತಪ್ಪದೆ ಓಡ್ತಿರೋ ಕ್ರಾನ್ ಜಾಬ್ ಅದು, ನಮ್ಮ ಕಸುಬಿನವರು ಕೈ ಮುಗೀಬೇಕು.

ಈ ವೇಳಾಪಟ್ಟಿ ಇರೋವಾಗ ಸೀಟು ಕಾದಿರಿಸಿ ಒಂದೇ ರೈಲಿಗೆ ನಿಮ್ಮನ್ನ ಕಟ್ಟಿಹಾಕಿಕೊಳ್ಳೋದ್ಯಾಕೆ? ಬೆರ್ನಿನಾ ಮಾರ್ಗದಲ್ಲಿ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. 1910ರಲ್ಲಿ ಮುಗಿದ ಆ ಹಳಿ, 2008ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಹಲ್ಲುಹಳಿ ಇಲ್ಲದೆ ಸಾದಾ ಚಕ್ರದಲ್ಲೇ 2,253 ಮೀಟರಿಗೆ ಹತ್ತಿ, ಬ್ರೂಸಿಯೊದ ಸುತ್ತುಸೇತುವೆಯಲ್ಲಿ ತನ್ನ ಕೆಳಗೆ ತಾನೇ ನುಸುಳಿ, ಇಟಲಿಯ ತಿರಾನೊಗೆ ಇಳಿಯುತ್ತೆ. ಹೆಸರುವಾಸಿಯಾದ ಬೆರ್ನಿನಾ ಎಕ್ಸ್‌ಪ್ರೆಸ್ಸಿಗೆ ಸೀಟಿನ ದುಡ್ಡು ಬೇರೆ, ಮುಚ್ಚಿದ ಗಾಜು ಬೇರೆ. ಅದೇ ಹಳಿಯ ಮೇಲೆ, ಅದೇ ಕೆಂಪು ಬಣ್ಣದ ಸಾಮಾನ್ಯ ರೈಲು ಓಡುತ್ತೆ. ರಿಸರ್ವೇಶನ್ ಬೇಕಿಲ್ಲ, ಕೆಲವು ಬೋಗಿಗಳಲ್ಲಿ ಕಿಟಕಿ ಇಳಿಸಬಹುದು. ಸಕಲೇಶಪುರದ ಘಾಟಿಯನ್ನು ಸಾದಾ ಬೋಗಿಯ ಬಾಗಿಲಲ್ಲಿ ಕೂತು ನೋಡಿದವರಿಗೆ ಗಾಜಿಗೂ ಗಾಳಿಗೂ ಇರೋ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ದಾರಿಯಲ್ಲಿ ಆಲ್ಪ್ ಗ್ರ್ಯೂಮ್ ಅಂತ ಒಂದು ಸ್ಟೇಷನ್ನಿದೆ, ಎದುರಿಗೆ ಪಾಲ್ಯೂ ಹಿಮನದಿ, ಕೆಳಗೆ ಇಟಲಿ ಕಡೆ ಇಳಿದುಹೋಗುವ ಕಣಿವೆ. ಅಲ್ಲಿಗೆ ರಸ್ತೆಯೇ ಇಲ್ಲ. ಎಷ್ಟು ದುಬಾರಿ ಕಾರಾದರೂ ಹೋಗಲ್ಲ, ರೈಲಿನಲ್ಲಿ ಬರಬೇಕು ಇಲ್ಲಾ ನಡೆದು ಬರಬೇಕು. ಎಕ್ಸ್‌ಪ್ರೆಸ್ಸಿನವರು ಅಲ್ಲಿ ಸ್ವಲ್ಪ ಹೊತ್ತು ಇಳಿದು ಫೋಟೊ ತೆಗೆದು ಓಡಿ ಹತ್ಕೋತಾರೆ. ಸಾದಾ ರೈಲಿನವರು ಇಳಿದು, ಕಾಫಿ ಕುಡಿದು, ಮುಂದಿನ ಗಂಟೆಯ ರೈಲಿಗೆ ಹೋದರಾಯಿತು. ಫುರ್ಕಾದಲ್ಲಿ ಸೋತ ರೈಲು ಇಲ್ಲಿ ಗೆಲ್ಲುತ್ತೆ, ಗೆಲ್ಲೋದು ಮಾತ್ರ ಅಗ್ಗದ ರೈಲು.

ರೈಲಿನ ಭಕ್ತರು ಒಂದು ವಿಷಯ ಮುಚ್ಚಿಡ್ತಾರೆ: ಸೂಟ್‌ಕೇಸು. ನಾಲ್ಕು ಜನ, ನಾಲ್ಕು ದೊಡ್ಡ ಪೆಟ್ಟಿಗೆ, ಅದರಲ್ಲಿ ಒಂದಕ್ಕೆ ಪೂರ್ತಿ ಅವಲಕ್ಕಿ, ಎಂಟಿಆರ್ ಪ್ಯಾಕೆಟ್ಟು, ರೈಸ್ ಕುಕ್ಕರು. ಜಂಕ್ಷನ್ನಿನಲ್ಲಿ ಏಳು ನಿಮಿಷಕ್ಕೆ ರೈಲು ಬದಲಾಯಿಸೋ ಸೊಗಸು ಬ್ಯಾಕ್‌ಪ್ಯಾಕಿನವರಿಗೆ ಸಂಗೀತ, ಮಂಡಿನೋವಿನ ಅಪ್ಪನಿಗೆ ಪರೀಕ್ಷೆ. ಇದಕ್ಕೆ ಉತ್ತರ ಕಾರಲ್ಲ, ಊರು ಕಡಿಮೆ ಮಾಡೋದು. ಎಂಟು ದಿನಕ್ಕೆ ಐದು ಹೋಟೆಲ್ ಬದಲಾಯಿಸೋ ಬದಲು ಎರಡೇ ಊರಲ್ಲಿ ತಂಗಿ, ದಿನಾ ಕೈಬೀಸಿಕೊಂಡು ಹೋಗಿ ಬನ್ನಿ. ಕಾರಿದ್ದರೂ ಜ಼ೆರ್ಮಾಟ್‌ನೊಳಗೆ ಬಿಡಲ್ಲ, ಐದು ಕಿಲೋಮೀಟರ್ ಹಿಂದೆ ತೇಶ್‌ನಲ್ಲಿ ನಿಲ್ಲಿಸಿ ರೈಲೇ ಹಿಡೀಬೇಕು. ವೆಂಗೆನ್, ಮ್ಯೂರೆನ್‌ಗಳದ್ದೂ ಇದೇ ಕಥೆ. ನೋಡೋದಕ್ಕೆ ಹೋದ ಜಾಗದಲ್ಲಿ ಕಾರು ಪಾರ್ಕಿಂಗ್ ಮೀಟರಿಗೆ ದುಡ್ಡು ಎಣಿಸುತ್ತಾ ನಿಂತಿರುತ್ತೆ.

ಇಟಲಿಯ ಸಲಹೆ ಅರ್ಧ ಸರಿ. ತೊಸ್ಕಾನಾದ ವಾಲ್ ದೋರ್ಚಾ ಕಣಿವೆ, ಸಾಲು ಸೈಪ್ರೆಸ್ ಮರಗಳ ನಡುವೆ ಹಾವಿನಂತೆ ಏರೋ ಮಣ್ಣುದಾರಿಯ ವಾಲ್‌ಪೇಪರ್ ಇದೆಯಲ್ಲ, ಅದು. ಹದಿನೈದನೇ ಶತಮಾನದಲ್ಲಿ ಪೋಪ್ ಎರಡನೇ ಪಿಯುಸ್ ತಾನು ಹುಟ್ಟಿದೂರನ್ನೇ ಹೊಸದಾಗಿ ಕಟ್ಟಿಸಿದ ಪಿಯೆಂಜ಼ಾ ಅಲ್ಲೇ ಇದೆ, ರೈಲ್ವೆ ಸ್ಟೇಷನ್ ಮಾತ್ರ ಇಲ್ಲ. ಬಸ್ಸುಗಳು ಅಲ್ಲಿನ ಸ್ಕೂಲು ಮಕ್ಕಳ ಅನುಕೂಲಕ್ಕೆ ಓಡೋದು, ಭಾನುವಾರ ನಂಬೋ ಹಾಗಿಲ್ಲ. ಇಲ್ಲಿ ಕಾರು ಬೇಕೇ ಬೇಕು. ಘಾಟಿಯಲ್ಲ, ಗುಡ್ಡ. ರಸ್ತೆ ಖಾಲಿ, ಓಡಿಸೋನಿಗೂ ಒಂದಿಷ್ಟು ಕಾಣುತ್ತೆ. ಆದರೆ ಅದೇ ಕಾರನ್ನು ಫ್ಲಾರೆನ್ಸ್ ನಗರದೊಳಗೆ ನುಗ್ಗಿಸಿದಿರೋ, ಕತೆ ಮುಗೀತು. ಹಳೇ ಪೇಟೆಗಳ ಸುತ್ತ ಜ಼ಡ್‌ಟಿಎಲ್ ಅನ್ನೋ ನಿರ್ಬಂಧಿತ ವಲಯ, ಬಾಯಲ್ಲಿ ಕ್ಯಾಮೆರಾ. 'ವಾರ್ಕೊ ಆತ್ತೀವೊ' ಅಂತ ದೀಪದ ಫಲಕ ಉರಿಯುತ್ತಿದ್ದರೆ ಒಳಗೆ ಹೋಗೋ ಹಾಗಿಲ್ಲ ಅಂತ ಅರ್ಥ. ಪೊಲೀಸರು ಯಾರೂ ತಡೆಯಲ್ಲ. ತಿಂಗಳುಗಟ್ಟಲೆ ಆದಮೇಲೆ, ಫೋಟೊಗಳನ್ನೆಲ್ಲ ನೆಂಟರಿಗೆ ತೋರಿಸಿ ಮುಗಿಸಿದ ಮೇಲೆ, ಬಾಡಿಗೆ ಕಂಪನಿ ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ಶುಲ್ಕ ಒಂದು, ಆಮೇಲೆ ದಂಡ ಒಂದು. ತಪ್ಪು ತಿರುವು ತಗೊಂಡು ಎರಡು ಸಲ ದಾಟಿದರೆ ಎರಡು ದಂಡ.

ಹಾಗಾಗಿ ಫ್ಲಾರೆನ್ಸ್‌ವರೆಗೆ ರೈಲಲ್ಲೇ ಹೋಗಿ. ಊರು ನೋಡಿ ಮುಗಿಸಿದ ಮೇಲೆ ವಿಮಾನ ನಿಲ್ದಾಣದ ಹತ್ತಿರ ಕಾರು ತಗೊಂಡು, ಪೇಟೆಯ ಕಡೆ ಮುಖ ಹಾಕದೆ, ಮೂರು ದಿನ ಗುಡ್ಡಗಳ ನಡುವೆ ತಿರುಗಿ, ವಾಪಸ್ ಕೊಟ್ಟು, ರೋಮ್‌ಗೆ ಮತ್ತೆ ರೈಲು. ನಮ್ಮ ಲೈಸೆನ್ಸಿನ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು, ಹೊರಡೋ ಮುಂಚೆ ಆರ್‌ಟಿಒ ಕೆಲಸ ಮುಗಿಸಿಕೊಳ್ಳಿ. ಸಾಧ್ಯವಾದರೆ ಇಬ್ಬರ ಹೆಸರಲ್ಲಿ ಮಾಡಿಸಿ. ಹೆಚ್ಚುವರಿ ಡ್ರೈವರ್ ಅಂತ ಸ್ವಲ್ಪ ಜಾಸ್ತಿ ದುಡ್ಡು ಕೇಳ್ತಾರೆ, ಎಕ್ಸೆಲ್ ಶೀಟಿನಲ್ಲಿ ಮೊದಲು ಕತ್ತರಿ ಬೀಳೋದು ಆ ಸಾಲಿಗೇ. ಅದನ್ನ ಮಾತ್ರ ಕತ್ತರಿಸಬೇಡಿ. ಹೋಗ್ತಾ ಒಬ್ಬರು ಓಡಿಸಲಿ, ಬರ್ತಾ ಇನ್ನೊಬ್ಬರು.